ಹತ್ತು ವರ್ಷ ಇಂಗ್ಲಿಷ್ ಓದಿ ಬಂದವರ ಪರವಾಗಿ ಒಂದು ಅರ್ಜಿ

ಶಾಲಾ ಶಿಕ್ಷಣದ ಹೊಣೆ ಹೊತ್ತ ಸಚಿವರಿಗೆ, ಪಠ್ಯಪುಸ್ತಕ ಬರೆಯುವವರಿಗೆ ಮತ್ತು ಪ್ರಶ್ನೆಪತ್ರಿಕೆಯ ನೀಲನಕ್ಷೆ ಹಾಕುವವರಿಗೆ,



ನಮ್ಮ ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ನನ್ನದೊಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಆನ್‌ಲೈನ್ ಅರ್ಜಿ ತುಂಬುತ್ತೇನೆ, ಬಯೋಡೇಟಾ ಟೈಪ್ ಮಾಡುತ್ತೇನೆ, ಕಂಪನಿಗಳಿಗೆ ಇಮೇಲ್ ಕಳಿಸಿಕೊಡುತ್ತೇನೆ. ಅಂಗಡಿ ಹಾಕುವ ಮೊದಲು ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ವಿಷಯದ ಅತಿಥಿ ಶಿಕ್ಷಕಿಯಾಗಿದ್ದೆ. ಬೇಸಿಗೆ ರಜೆಗೆ ಸಂಬಳವಿಲ್ಲದ, ಮುಂದಿನ ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದ ಕೆಲಸ ಅದು. ಹೀಗಾಗಿ ಮಕ್ಕಳು ಇಂಗ್ಲಿಷ್ ಕಲಿಯುವ ಜಾಗವನ್ನು ಕಂಡಿದ್ದೇನೆ, ಕಲಿತದ್ದು ನಿಜವಾಗಿ ಬೇಕಾಗುವ ಜಾಗದಲ್ಲಿ ಈಗ ದಿನವೂ ಕೂತಿದ್ದೇನೆ. ಈ ಎರಡನೆಯ ಜಾಗದಿಂದ ನಿಮಗೆ ಈ ದೂರು.

ಮಾಧ್ಯಮದ ಜಗಳಕ್ಕೆ ನಾನು ಬಂದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಸಬೇಕೆಂಬ 1994ರ ಸರ್ಕಾರಿ ಆದೇಶ, ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದ 2014ರ ಸುಪ್ರೀಂ ಕೋರ್ಟ್ ತೀರ್ಪು, ಇವುಗಳ ನಡುವಿನ ಇಪ್ಪತ್ತು ವರ್ಷ ಎಲ್ಲರೂ ವಾದಿಸಿದ್ದು ಅದನ್ನೇ. ಮಕ್ಕಳು ಕನ್ನಡದಲ್ಲೇ ಕಲಿಯಲಿ ಎಂದು ಬಯಸುವವಳು ನಾನು. ನನ್ನ ದೂರು ಬೇರೆ. ಕನ್ನಡ ಮಾಧ್ಯಮದ ವೇಳಾಪಟ್ಟಿಯಲ್ಲಿ ಇಂಗ್ಲಿಷ್ ಎಂದು ಬರೆದಿರುವ ಪೀರಿಯಡ್ ಇದೆಯಲ್ಲ, ಅದರೊಳಗೆ ಏನು ನಡೆಯುತ್ತಿದೆ ಎಂಬುದರ ಬಗ್ಗೆ.

2007-08ರಲ್ಲಿ ನೀವು, ಅಂದರೆ ಆಗ ನಿಮ್ಮ ಕುರ್ಚಿಯಲ್ಲಿದ್ದವರು, ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ನಿರ್ಧಾರ ಮಾಡಿದಿರಿ. ಅದಕ್ಕೆ ಮುಂಚೆ ನಮ್ಮಂಥವರಿಗೆ ಎಬಿಸಿಡಿ ಕಂಡದ್ದು ಐದನೇ ತರಗತಿಯಲ್ಲಿ. ಹಲವು ಸಾಹಿತಿಗಳು ವಿರೋಧಿಸಿದರು. ದಲಿತ ಸಂಘಟನೆಗಳು ಬೇಕೇ ಬೇಕು ಎಂದವು. ಊರಿನ ಗೌಡರ ಮಕ್ಕಳು ಕಾನ್ವೆಂಟ್ ವ್ಯಾನ್ ಹತ್ತಿ ಹೋಗುವಾಗ ನಮ್ಮ ಮಕ್ಕಳಿಗೆ ಮಾತ್ರ ಭಾಷಾಪ್ರೇಮದ ಪಾಠವೇಕೆ ಎಂಬ ಅವರ ಪ್ರಶ್ನೆಗೆ ಎದುರಾಡುವ ಮುಖ ಯಾರಿಗೂ ಇರಲಿಲ್ಲ. ಆ ವರ್ಷ ಒಂದನೇ ತರಗತಿಗೆ ಸೇರಿದ ಮಕ್ಕಳು 2017ರಲ್ಲಿ ಎಸ್ಸೆಸ್ಸೆಲ್ಸಿ ಬರೆದರು. ಹತ್ತು ವರ್ಷ ಇಂಗ್ಲಿಷ್ ಓದಿದ ಮೊದಲ ತಂಡ ಅದು. ಈಗ ಅವರಿಗೆ ಇಪ್ಪತ್ತೈದರ ಆಸುಪಾಸು. ಡಿಗ್ರಿ, ಡಿಪ್ಲೊಮಾ, ನರ್ಸಿಂಗ್ ಮುಗಿಸಿ, ಕೆಲಸ ಹುಡುಕಿಕೊಂಡು ನನ್ನ ಅಂಗಡಿಯ ಮುಂದೆ ನಿಂತಿರುವವರು ಅವರೇ.

ಬಿ.ಕಾಂ. ಮುಗಿಸಿದ ಒಬ್ಬ ಹುಡುಗನ ಮಾತು ಹೇಳುತ್ತೇನೆ. ಅಪ್ಪನ ಗೊಬ್ಬರದ ಅಂಗಡಿಯ ಲೆಕ್ಕವನ್ನೆಲ್ಲ ಪಿಯುಸಿಯಿಂದಲೂ ಅವನೇ ಬರೆಯುತ್ತಿದ್ದ. ಜಿಎಸ್‌ಟಿ ರಿಟರ್ನ್ ತುಂಬುವುದೂ ಅವನೇ. ಬೆಂಗಳೂರಿನ ಕಂಪನಿಯೊಂದಕ್ಕೆ ಕಳಿಸುವ ಬಯೋಡೇಟಾದಲ್ಲಿ ಅದನ್ನು ಹೆಮ್ಮೆಯಿಂದಲೇ ಬರೆದುಕೊಂಡು ಬಂದಿದ್ದ: ‘ಐ ವಿಲ್ ಮ್ಯಾನೇಜ್ ಅಕೌಂಟ್ಸ್ ಆಫ್ ಅವರ್ ಶಾಪ್. ಐ ವಿಲ್ ಫೈಲ್ ಜಿಎಸ್‌ಟಿ.’ ಮುಂಚೆ ಇದೇ ಹಾಳೆಯನ್ನು ಮೊಬೈಲಿನಿಂದ ಬೇರೊಂದು ಕಡೆಗೂ ಕಳಿಸಿದ್ದನಂತೆ. ಅನುಭವ ಇದ್ದವರು ಬೇಕು ಎಂದು ಉತ್ತರ ಬಂದಿತ್ತು. ಬರದೆ ಏನು ಮಾಡುತ್ತದೆ? ಓದಿದವರ ಪಾಲಿಗೆ ಅವನು ಮುಂದೆ ಎಂದೋ ಲೆಕ್ಕ ನೋಡಿಕೊಳ್ಳುತ್ತೇನೆಂದು ಭರವಸೆ ಕೊಡುತ್ತಿರುವ ಹುಡುಗ. ಐದಾರು ವರ್ಷ ದುಡಿದು ಗಳಿಸಿದ ಅನುಭವ ಒಂದು ‘ವಿಲ್’ನಿಂದ ಭವಿಷ್ಯತ್ಕಾಲಕ್ಕೆ ಜಾರಿಹೋಯಿತು.

ಈ ತಪ್ಪು ಅವನೊಬ್ಬನದಲ್ಲ. ‘ಡೈಲಿ ಐ ವಿಲ್ ಗೆಟ್ ಅಪ್ ಅಟ್ ಸಿಕ್ಸ್’ ಎನ್ನದವರು ನಮ್ಮ ತಾಲ್ಲೂಕಿನಲ್ಲಿ ಕಡಿಮೆ. ಯಾಕೆ ಹೀಗೆ ಬರೆಯುತ್ತಾರೆ? ದಡ್ಡತನದಿಂದ ಖಂಡಿತ ಅಲ್ಲ. ಕನ್ನಡದಲ್ಲಿ ‘ಅವರು ದಿನಾ ಬರ್ತಾರೆ’ ಅನ್ನುತ್ತೇವೆ, ‘ಅವರು ನಾಳೆ ಬರ್ತಾರೆ’ ಅನ್ನುತ್ತೇವೆ. ರೂಢಿಗೂ ಮುಂದಾಗುವುದಕ್ಕೂ ನಮಗೆ ಒಂದೇ ರೂಪ ಸಾಕು. ‘ಬರುವರು’ ಎಂಬ ಭವಿಷ್ಯತ್ ರೂಪ ಪುಸ್ತಕದಲ್ಲಿದೆ, ನಾಲಿಗೆಯ ಮೇಲಿಲ್ಲ. ಇಂಗ್ಲಿಷ್ ಮಾತ್ರ ಆ ಎರಡನ್ನೂ ಬೇರೆ ಮಾಡುತ್ತದೆ. ‘ಬರ್ತಾರೆ’ ಅಂದರೆ ‘ವಿಲ್ ಕಮ್’ ಎಂದು ಒಮ್ಮೆ ಬಾಯಿಪಾಠ ಮಾಡಿದ ಮಗು, ಎಲ್ಲ ‘ಬರ್ತಾರೆ’ಗೂ ಅದನ್ನೇ ಹಾಕುತ್ತದೆ. ಎಷ್ಟು ಶಿಸ್ತಾದ ತಪ್ಪು ನೋಡಿ!

‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಎಂಬ ಮಾತೂ ಹೀಗೆಯೇ. ಹೋಗಿ ಬಂದಾಯಿತು ಎಂಬ ಧ್ವನಿ ಅದರಲ್ಲಿದೆ, ನಮಗೆ ಅದು ಸಹಜ. ಮಗು ಅದನ್ನು ‘ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರ್’ ಎಂದು ಬರೆಯುತ್ತದೆ. ಇಂಗ್ಲಿಷಿನ ‘ಹ್ಯಾಡ್’ ಇನ್ನೊಂದು ಘಟನೆಗಿಂತ ಮೊದಲೇ ಆದದ್ದನ್ನು ಹೇಳಲು ಬರುವಂಥದ್ದು. ಓದುವವನು ಆ ಇನ್ನೊಂದು ಘಟನೆ ಯಾವುದು ಎಂದು ಕಾಯುತ್ತಾನೆ, ಅದು ಬರುವುದೇ ಇಲ್ಲ. ಇನ್ನು ನಮ್ಮ ಒಂದು ‘ಅಲ್ಲಿ’ ವಿಭಕ್ತಿ ‘ಇನ್’, ‘ಆನ್’, ‘ಅಟ್’ ಮೂರರ ಕೆಲಸವನ್ನೂ ಮಾಡುತ್ತದೆ. ‘ದ’ ಎಂಬುದಕ್ಕಂತೂ ಕನ್ನಡದಲ್ಲಿ ಸಮನಾದದ್ದೇ ಇಲ್ಲ. ಇಂಥವು ಹತ್ತೋ ಹದಿನೈದೋ ಇರಬಹುದು. ಅಷ್ಟನ್ನೇ, ಕನ್ನಡವನ್ನು ಪಕ್ಕದಲ್ಲಿಟ್ಟುಕೊಂಡು, ಎಂಟನೇ ತರಗತಿಯೊಳಗೆ ಯಾರಾದರೂ ಕೂತು ಹೇಳಿಕೊಟ್ಟಿದ್ದರೆ ನನ್ನ ಅಂಗಡಿಯ ಅರ್ಧ ತಿದ್ದುಪಡಿ ಕೆಲಸ ಇರುತ್ತಿರಲಿಲ್ಲ.

ರಜೆ ಅರ್ಜಿಯ ಹಳೆಯ ಜೋಕು ನಿಮಗೂ ಗೊತ್ತಿರಬೇಕು. ‘ಆಸ್ ಐ ಆಮ್ ಮ್ಯಾರಿಯಿಂಗ್ ಮೈ ಡಾಟರ್’ ಎಂದು ಗುಮಾಸ್ತ ಬರೆದನಂತೆ. ವಾಟ್ಸ್ಯಾಪ್‌ನಲ್ಲಿ ಇಂದಿಗೂ ಓಡಾಡುತ್ತದೆ, ಎಲ್ಲರೂ ನಗುತ್ತಾರೆ. ನಾವು ಮಗಳ ಮದುವೆ ‘ಮಾಡುತ್ತೇವೆ’, ವರ ಮದುವೆ ‘ಆಗುತ್ತಾನೆ’. ಮಾಡು ಮತ್ತು ಆಗು ಎಂಬ ಎರಡು ಕ್ರಿಯಾಪದಗಳು ಕನ್ನಡದಲ್ಲಿ ಆ ವ್ಯತ್ಯಾಸವನ್ನು ಕಾಯುತ್ತವೆ. ಆ ಬಡಪಾಯಿ ಅಪ್ಪ ಕನ್ನಡದಲ್ಲಿ ಸರಿಯಾಗಿಯೇ ಯೋಚಿಸಿದ್ದ. ನಗುವವರಿಗೆ ಇಂಗ್ಲಿಷ್ ಗೊತ್ತು, ಅವನಿಗೆ ಗೊತ್ತಿಲ್ಲ, ಅಷ್ಟೇ. ಸರಿಯಾದ ಇಂಗ್ಲಿಷ್ ನಮ್ಮ ಮಕ್ಕಳಿಗೆ ಯಾಕೆ ಬೇಕು ಎಂದು ಕೇಳುವ ದೊಡ್ಡವರಿಗೆ ನನ್ನ ಮೊದಲ ಉತ್ತರ ಈ ನಗು. ಈ ದೇಶದಲ್ಲಿ ಒಬ್ಬನ ಇಂಗ್ಲಿಷ್ ಕೇಳಿ ಅವನ ಜಾತಿ, ಊರು, ಅಪ್ಪನ ಸಂಬಳ ಎಲ್ಲವನ್ನೂ ಅಂದಾಜು ಮಾಡುವವರಿದ್ದಾರೆ. ಅದು ಅನ್ಯಾಯ ಎಂದು ಭಾಷಣ ಮಾಡಬಹುದು. ಅನ್ಯಾಯ ತೀರುವ ತನಕ ನನ್ನ ಅಂಗಡಿಗೆ ಬರುವ ಹುಡುಗ ಕಾಯಲಾರ.

ನಗು ಒಂದು ಕಡೆ ಇರಲಿ, ಸುಮ್ಮನೆ ಅರ್ಥ ಕೆಡುವುದನ್ನು ನೋಡಿ. ನರ್ಸಿಂಗ್ ಓದಿದ ಹುಡುಗಿಯರು ಡ್ಯೂಟಿ ಬದಲಾಗುವಾಗ ಮುಂದಿನವರಿಗೆ ರಿಪೋರ್ಟ್ ಬರೆದಿಡಬೇಕು. ಇಂಜೆಕ್ಷನ್ ‘ಗಿವನ್’ ಎಂಬುದಕ್ಕೂ ‘ಟು ಬಿ ಗಿವನ್’ ಎಂಬುದಕ್ಕೂ ನಡುವೆ ಎರಡು ಪುಟ್ಟ ಪದ. ಬ್ಯಾಂಕಿನ ಸಾಲಪತ್ರದಲ್ಲಿ ‘ಇಫ್’ ಇರುವ ಕಡೆ ಒಂದು ಅರ್ಥ, ‘ಅನ್‌ಲೆಸ್’ ಇರುವ ಕಡೆ ಅದಕ್ಕೆ ತದ್ವಿರುದ್ಧ. ಸಹಿ ಹಾಕುವ ರೈತನ ಪಕ್ಕದಲ್ಲಿ ನಿಂತು ಓದಿ ಹೇಳಬೇಕಾದವನು ಹತ್ತು ವರ್ಷ ಇಂಗ್ಲಿಷ್ ಓದಿದ ಅವನ ಮಗ.

ಪದಸಂಪತ್ತಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಪದ ಗೊತ್ತಿಲ್ಲ ಎನ್ನುವುದು ತಪ್ಪು. ಲೋನ್, ಸಬ್ಸಿಡಿ, ಪಂಪ್‌ಸೆಟ್, ಟ್ರಾನ್ಸ್‌ಫಾರ್ಮರ್, ಸ್ಕ್ಯಾನಿಂಗ್, ಶುಗರ್, ಬಿಪಿ, ಟೆನ್ಷನ್: ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯ ಬಾಯಲ್ಲೂ ನೂರಾರು ಇವೆ. ಆದರೆ ಅವೆಲ್ಲ ಹೆಚ್ಚಾಗಿ ನಾಮಪದಗಳು. ಕ್ರಿಯಾಪದ ಬಂದರೂ ನಾವು ಅದಕ್ಕೆ ಕನ್ನಡದ ಬಾಲ ಅಂಟಿಸಿಬಿಡುತ್ತೇವೆ: ಅಡ್ಜಸ್ಟ್ ಮಾಡು, ಶಿಫ್ಟ್ ಆಯ್ತು, ಕ್ಯಾನ್ಸಲ್ ಮಾಡಿದ್ರು, ಮಿಸ್ ಆಗುತ್ತೆ. ಕಾಲ, ವಚನ, ಲಿಂಗ ಎಲ್ಲವನ್ನೂ ಹೊರುವುದು ನಮ್ಮ ‘ಮಾಡು’, ‘ಆಗು’. ಇಂಗ್ಲಿಷ್ ಪದ ಕಲ್ಲಿನಂತೆ ಅಲುಗಾಡದೆ ಕೂತಿರುತ್ತದೆ. ಹೀಗಾಗಿ ‘ಅಡ್ಜಸ್ಟ್’ ಸಾವಿರ ಸಲ ಹೇಳಿದ ಮಗುವಿಗೆ ‘ಅಡ್ಜಸ್ಟೆಡ್’ ಎಂದು ಒಮ್ಮೆಯೂ ಹೇಳುವ ಸಂದರ್ಭ ಬಂದಿರುವುದಿಲ್ಲ. ಪದ ಗೊತ್ತು, ಪದದ ಚಲನೆ ಗೊತ್ತಿಲ್ಲ. ಪಠ್ಯಪುಸ್ತಕ ಬರೆಯುವವರಿಗೆ ಇದು ಸಿಕ್ಕಿದ ನಿಧಿ ಎಂದು ನಾನು ತಿಳಿಯುತ್ತೇನೆ. ಮಗು ಆಗಲೇ ತಂದಿರುವ ಈ ನೂರಾರು ಪದಗಳನ್ನು ಹಿಡಿದು ಅವುಗಳಿಗೆ ನಡೆಯುವುದನ್ನು ಕಲಿಸಬಹುದಿತ್ತು. ಬದಲಿಗೆ ಪಾಠದ ಕೊನೆಯಲ್ಲಿ ಎಂಟು ಹತ್ತು ಹೊಸ ಪದ, ಅವುಗಳ ಎದುರು ಅಷ್ಟೇ ಕಷ್ಟದ ಇಂಗ್ಲಿಷ್ ಅರ್ಥ. ಮಕ್ಕಳು ಅದನ್ನು ಗೈಡ್ ನೋಡಿ ಬರೆದುಕೊಂಡು ಮುಂದೆ ಹೋಗುತ್ತಾರೆ.

ಪಿಯುಸಿ ವಿಜ್ಞಾನಕ್ಕೆ ಹೋದ ಕನ್ನಡ ಮಾಧ್ಯಮದ ಮಕ್ಕಳನ್ನು ಕೇಳಿ ನೋಡಿ. ಫೋಟೋಸಿಂಥಸಿಸ್, ವೆಲಾಸಿಟಿ ಅವರನ್ನು ಹೆದರಿಸುವುದಿಲ್ಲ, ಅವನ್ನು ಲೆಕ್ಚರರ್ ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ. ಮುಳುಗಿಸುವುದು ಯಾರೂ ವಿವರಿಸದ ಪದಗಳು. ‘ಹೆನ್ಸ್’, ‘ವೇರ್ ಆ್ಯಸ್’, ‘ಪ್ರೊವೈಡೆಡ್ ದಟ್’, ‘ನೆಗ್ಲೆಕ್ಟಿಂಗ್’, ‘ರೆಸ್ಪೆಕ್ಟಿವ್ಲಿ’. ಎರಡು ವಸ್ತುಗಳ ತೂಕ ‘ರೆಸ್ಪೆಕ್ಟಿವ್ಲಿ’ 5 ಮತ್ತು 10 ಕಿಲೋ ಎಂದು ಭೌತಶಾಸ್ತ್ರದ ಲೆಕ್ಕ ಹೇಳಿದರೆ, ‘ರೆಸ್ಪೆಕ್ಟ್’ ಅಂದರೆ ಗೌರವ ಎಂದು ಮಾತ್ರ ಗೊತ್ತಿರುವ ಹುಡುಗಿ ಏನು ಮಾಡಬೇಕು? ಹತ್ತನೇ ತರಗತಿಯ ವಿಜ್ಞಾನದಲ್ಲಿ ತೊಂಬತ್ತು ತೆಗೆದವಳು ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗುತ್ತಾಳೆ, ತನಗೆ ವಿಜ್ಞಾನ ಹತ್ತುವುದಿಲ್ಲ ಎಂದುಕೊಂಡು ಆರ್ಟ್ಸಿಗೆ ಬರುತ್ತಾಳೆ. ವಿಭಾಗ ಬದಲಿಸುವ ಅರ್ಜಿಯನ್ನೂ ನನ್ನ ಅಂಗಡಿಯಲ್ಲೇ ಟೈಪ್ ಮಾಡಿಸುತ್ತಾರೆ. ಕಾರಣ ಎಂಬ ಕಡೆ ‘ವೈಯಕ್ತಿಕ’ ಎಂದು ಬರೆಸುತ್ತಾರೆ.

ಹಾಗಾದರೆ ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುವುದೇ ಇಲ್ಲವೇ? ಹೇಳಿಕೊಡುತ್ತೇವೆ. ‘ರಾಮ ಕಿಲ್ಡ್ ರಾವಣ’, ಅದನ್ನು ತಿರುಗಿಸಿದರೆ ‘ರಾವಣ ವಾಸ್ ಕಿಲ್ಡ್ ಬೈ ರಾಮ’. ಮೂರು ತಲೆಮಾರು ಈ ರಾವಣನನ್ನು ಕರ್ತರಿಯಲ್ಲೂ ಕರ್ಮಣಿಯಲ್ಲೂ ಕೊಂದಿದೆ. ಅದೇ ಮಗು ಪದವಿಗೆ ಬಂದಾಗ ತನ್ನ ವಿದ್ಯಾರ್ಥಿವೇತನ ಖಾತೆಗೆ ಜಮಾ ಆಗಿಲ್ಲ ಎಂದು ಇಲಾಖೆಗೆ ಬರೆಯಬೇಕು. ಅದು ಕರ್ಮಣಿ ಪ್ರಯೋಗವೇ. ‘ಸ್ಕಾಲರ್‌ಶಿಪ್ ನಾಟ್ ಕ್ರೆಡಿಟೆಡ್ ಸರ್ ಪ್ಲೀಸ್’ ಎಂದು ಬರೆದು ತರುತ್ತಾನೆ. ರಾವಣನನ್ನು ಕೊಲ್ಲಲು ಬಂದ ವ್ಯಾಕರಣ ಸ್ಕಾಲರ್‌ಶಿಪ್ಪಿಗೆ ಬರಲಿಲ್ಲ, ಯಾಕೆಂದರೆ ಅದನ್ನು ವಾಕ್ಯ ಬರೆಯಲೆಂದು ಕಲಿಸಲೇ ಇಲ್ಲ, ಒಂದು ಅಂಕದ ಪ್ರಶ್ನೆಗೆಂದು ಕಲಿಸಿದೆವು. ಪೀಕಾಕ್‌ನ ಹೆಣ್ಣು ಪೀಹೆನ್ ಎಂದು ಕಲಿಸಲು ಒಂದು ವಾರ ಕಳೆಯುವ ಶಾಲೆಗಳು ಈಗಲೂ ಇವೆ. ಹೆಣ್ಣು ನವಿಲಿನ ಬಗ್ಗೆ ಇಂಗ್ಲಿಷಿನಲ್ಲಿ ವ್ಯವಹರಿಸಬೇಕಾದ ಪ್ರಸಂಗ ನನ್ನ ಅಂಗಡಿಯಲ್ಲಿ ಈವರೆಗೆ ಬಂದಿಲ್ಲ.

ಮತ್ತೆ ಆ ಪಾಸಿಂಗ್ ಪ್ಯಾಕೇಜ್! ಜನವರಿ ಬಂತೆಂದರೆ ಪ್ರೌಢಶಾಲೆಗಳಲ್ಲಿ ಈ ಪದ ಗಾಳಿಯಲ್ಲಿರುತ್ತದೆ. ನಿಧಾನಗತಿಯ ಮಕ್ಕಳು ಎಂದು ಪಟ್ಟಿ ಮಾಡಿ, ಕಂಠಪಾಠದ ಪದ್ಯ, ಪತ್ರದ ನಮೂನೆ, ಕೊಟ್ಟ ಸುಳಿವುಗಳನ್ನು ಜೋಡಿಸಿ ಬರೆಯುವ ಪ್ರೊಫೈಲ್, ಎಲ್ಲಕ್ಕೂ ಹೊಂದುವ ಒಂದು ಪ್ರಬಂಧ ಇಷ್ಟನ್ನು ಅರೆದು ಕುಡಿಸುವುದು. ಆಂತರಿಕ ಮೌಲ್ಯಮಾಪನದ 20 ಅಂಕ ಹೇಗೂ ಶಾಲೆಯ ಕೈಯಲ್ಲಿದೆ. ಲಿಖಿತ ಪರೀಕ್ಷೆಯ 80ರಲ್ಲಿ ದಡ ಸೇರುವಷ್ಟನ್ನು ಒಂದು ವಾಕ್ಯವನ್ನೂ ಸ್ವಂತವಾಗಿ ಬರೆಯದೆ ಗಳಿಸಬಹುದು. ಮುಖ್ಯೋಪಾಧ್ಯಾಯರನ್ನು ದೂರಿ ಪ್ರಯೋಜನವಿಲ್ಲ. ಶೇಕಡಾವಾರು ಫಲಿತಾಂಶ ಕಡಿಮೆಯಾದರೆ ನೋಟಿಸ್ ಬರುವುದು ಅವರಿಗೆ. ಜಿಲ್ಲೆಗೆ ಎಷ್ಟನೇ ಸ್ಥಾನ ಎಂಬ ಪಟ್ಟಿ ಪತ್ರಿಕೆಯಲ್ಲಿ ಬರುತ್ತದೆ, ಎಷ್ಟು ಮಕ್ಕಳಿಗೆ ಒಂದು ಪತ್ರ ಬರೆಯಲು ಬರುತ್ತದೆ ಎಂಬ ಪಟ್ಟಿ ಬರುವುದಿಲ್ಲ. ಗ್ರಾಮೀಣ ಭಾರತದಲ್ಲಿ ಎಂಟನೇ ತರಗತಿಯ ಮಕ್ಕಳಲ್ಲಿ ಇಂಗ್ಲಿಷಿನ ಸರಳ ವಾಕ್ಯ ಓದಬಲ್ಲವರು ಅರ್ಧಕ್ಕಿಂತ ಕಡಿಮೆ ಎಂದು 2022ರ ಅಸರ್ ಸಮೀಕ್ಷೆ ಹೇಳಿತು. ಅದು ಬರೀ ಓದುವ ಮಾತು, ಬರೆಯುವುದನ್ನು ಅವರು ಅಳೆದಿರಲಿಲ್ಲ.

ಇಷ್ಟಕ್ಕೂ ವಾಕ್ಯ ಬರೆಯಲು ಬೇಕಾದ ವ್ಯಾಕರಣ ಪಾಠದಿಂದ ಯಾಕೆ ಜಾರಿತು? ವಿದ್ವಾಂಸರು ಹೇಳಿದ್ದಕ್ಕೆ ಜಾರಿತು ಎಂದು ತರಬೇತಿಗಳಲ್ಲಿ ಹೇಳುತ್ತಾರೆ. ಆ ವಿದ್ವತ್ತಿನ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮ ಬೆಂಗಳೂರಿನಲ್ಲೇ ಎಂಬುದು ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಸರೆಯಲ್ಲಿ ಎನ್.ಎಸ್. ಪ್ರಭು ಮತ್ತು ಅವರ ಗೆಳೆಯರು 1979ರಿಂದ 1984ರವರೆಗೆ ದಕ್ಷಿಣದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಸೂತ್ರ ಹೇಳಿಕೊಡದೆ, ರೈಲಿನ ವೇಳಾಪಟ್ಟಿ, ನಕ್ಷೆ ಮುಂತಾದವನ್ನು ಕೊಟ್ಟು ಮಕ್ಕಳಿಂದ ಇಂಗ್ಲಿಷಿನಲ್ಲಿ ಲೆಕ್ಕ ಬಿಡಿಸುವಂತೆ ಯೋಚನೆ ಮಾಡಿಸಿದರು. ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಕೂರುತ್ತದೆ ಎಂಬುದು ಅವರ ನಂಬಿಕೆ. ಜಗತ್ತಿನಾದ್ಯಂತ ಭಾಷಾ ಬೋಧಕರು ಇಂದಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಎಂದೇ ಕರೆಯುತ್ತಾರೆ. ನನಗೆ ಆ ಪ್ರಯೋಗದ ಮೇಲೆ ಬಹಳ ಗೌರವವಿದೆ. ಆದರೆ ಅದು ನಡೆಯಬೇಕಾದರೆ ಎದುರಿಗೆ ನಿಂತ ಶಿಕ್ಷಕರು ಪೀರಿಯಡ್ ಪೂರ್ತಿ ಸಲೀಸಾಗಿ, ಸರಿಯಾಗಿ ಇಂಗ್ಲಿಷ್ ಮಾತಾಡುವವರಾಗಿರಬೇಕು. ಶಾಲೆಯ ಮಾಮೂಲಿ ಶಿಕ್ಷಕರಿಗೆ ಅದನ್ನು ನಡೆಸುವುದು ಕಷ್ಟವಾಯಿತೆಂದು ಆಮೇಲೆ ಅಧ್ಯಯನ ಮಾಡಿದವರೇ ಕಂಡುಕೊಂಡರು. ನಮ್ಮಲ್ಲಿ ಆದದ್ದೇನು? ಸೂತ್ರ ಬೇಡ ಎಂಬ ಅರ್ಧ ಬಂತು, ಮಾತು ಬೇಕು ಎಂಬ ಇನ್ನರ್ಧ ಬರಲಿಲ್ಲ. ವ್ಯಾಕರಣವೂ ಇಲ್ಲ, ಸಂವಾದವೂ ಇಲ್ಲ. ಗಣಿತ ಮತ್ತು ಸಮಾಜವನ್ನೂ ತೆಗೆದುಕೊಳ್ಳುವ ಮೇಷ್ಟ್ರು ಇಂಗ್ಲಿಷ್ ಪಾಠವನ್ನು ಕನ್ನಡದಲ್ಲಿ ಕಥೆಯಾಗಿ ಹೇಳಿ ಪ್ರಶ್ನೋತ್ತರ ಬರೆಸುತ್ತಾರೆ. ಒಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಅಷ್ಟೂ ಆಗುವುದಿಲ್ಲ.

‘ತಪ್ಪಾದರೂ ಪರವಾಗಿಲ್ಲ, ಧೈರ್ಯವಾಗಿ ಮಾತಾಡಲಿ, ವ್ಯಾಕರಣ ಆಮೇಲೆ’ ಎನ್ನುವವರ ಜೊತೆ ನನ್ನದು ಹಳೆಯ ಜಗಳ. ಹೀಗೆ ಹೇಳುವವರ ಮಕ್ಕಳಿಗೆ ವ್ಯಾಕರಣ ಮನೆಯಲ್ಲೇ ಸಿಗುತ್ತದೆ. ಊಟದ ಮೇಜಿನಲ್ಲಿ, ಕಥೆಪುಸ್ತಕದಲ್ಲಿ, ಕಾರ್ಟೂನಿನಲ್ಲಿ ಕೇಳಿ ಕೇಳಿ ಕಿವಿಗೆ ಹತ್ತಿರುತ್ತದೆ. ಅವರಿಗೆ ಸೂತ್ರ ಬೇಕಿಲ್ಲ. ನಮ್ಮ ಹಳ್ಳಿಯ ಮಗುವಿಗೆ ಸರಿಯಾದ ಇಂಗ್ಲಿಷ್ ವಾಕ್ಯ ಕಿವಿಗೆ ಬೀಳುವ ಒಂದೇ ಜಾಗ ಆ ನಲವತ್ತು ನಿಮಿಷ. ಅಲ್ಲೂ ಬೀಳದಿದ್ದರೆ ‘ಆಮೇಲೆ’ ಎಂಬುದು ಬರುವುದು ತಿಂಗಳಿಗಿಷ್ಟು ಎಂದು ಫೀಸು ಕಟ್ಟುವ ಸ್ಪೋಕನ್ ಇಂಗ್ಲಿಷ್ ಕ್ಲಾಸಿನಲ್ಲಿ, ಇಲ್ಲವೇ ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಎಂಬ ಬಸ್ ಸ್ಟ್ಯಾಂಡ್ ಪುಸ್ತಕದಲ್ಲಿ. ಹತ್ತು ವರ್ಷ ಸರ್ಕಾರ ಪುಕ್ಕಟೆ ಕಲಿಸಿದ್ದನ್ನು ಹನ್ನೊಂದನೆಯ ವರ್ಷ ದುಡ್ಡು ಕೊಟ್ಟು ಮತ್ತೆ ಕಲಿಯಬೇಕು. ನನ್ನ ಅಂಗಡಿಯ ಗೋಡೆಗೇ ಅಂಥ ಕ್ಲಾಸುಗಳ ನಾಲ್ಕು ಪಾಂಪ್ಲೆಟ್ ಅಂಟಿಸಿ ಹೋಗಿದ್ದಾರೆ.

ಸರಿಯಾದ ಇಂಗ್ಲಿಷ್ ಅಂದರೆ ಲಂಡನ್ನಿನವರಂತೆ ಮಾತಾಡುವುದು ಎಂದು ನಾನು ಹೇಳುತ್ತಿಲ್ಲ. ‘ಯೆಂಟು’ ಎನ್ನುವ ನಾಲಿಗೆ ‘ಯೆಯ್ಟ್’ ಅಂದರೆ ಅನ್ನಲಿ. ‘ಕಸಿನ್ ಬ್ರದರ್’ ಅಂದರೆ ಯಾರ ಮನೆಯೂ ಮುಳುಗುವುದಿಲ್ಲ, ‘ಪ್ರೀಪೋನ್’ ಅಂತೂ ಇಂಗ್ಲಿಷಿಗೆ ನಮ್ಮ ದೇಶದ ಕೊಡುಗೆ. ‘ಶಲ್’, ‘ವಿಲ್’ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳುವುದನ್ನು ಈಗ ಇಂಗ್ಲಿಷರೇ ಹೆಚ್ಚಾಗಿ ಬಿಟ್ಟಿದ್ದಾರೆ. ಬಿಡಲಾಗದ್ದು ಕಾಲ, ನಿಷೇಧ, ಪ್ರಶ್ನೆ ಕೇಳುವ ರೀತಿ, ಯಾರು ಯಾರಿಗೆ ಏನು ಮಾಡಿದರು ಎಂಬುದು, ಎರಡು ವಾಕ್ಯಗಳ ಸಂಬಂಧ ಹೇಳುವ ಪದಗಳು. ಇವು ಕೆಟ್ಟರೆ ಹೇಳಬೇಕಾದ ವಿಷಯವೇ ಕೆಡುತ್ತದೆ.

ಕನ್ನಡದ ಅಭಿಮಾನಿಗಳಿಗೆ ಒಂದು ಮಾತು, ಏಕೆಂದರೆ ಈ ಪತ್ರ ಓದಿ ಮೊದಲು ಸಿಟ್ಟಾಗುವವರು ಅವರು. 1981ರ ವರದಿಯಲ್ಲಿ ಕನ್ನಡಕ್ಕೆ ಶಾಲೆಯಲ್ಲಿ ಅಗ್ರಸ್ಥಾನ ಕೇಳಿದ, ಯಾರ ಹೆಸರಿನಲ್ಲಿ ರಾಜಕುಮಾರ್ ಬೀದಿಗಿಳಿದರೋ ಆ ವಿ.ಕೃ. ಗೋಕಾಕರು ಇಂಗ್ಲಿಷ್ ಪ್ರಾಧ್ಯಾಪಕರು. ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಮಾಸ್ತಿಯವರು ಎಂ.ಎ. ಮಾಡಿದ್ದು ಇಂಗ್ಲಿಷಿನಲ್ಲಿ. ಬಿ.ಎಂ.ಶ್ರೀಯವರು ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಲೇ ಕನ್ನಡ ಕಾವ್ಯದ ದಿಕ್ಕು ಬದಲಿಸಿದರು. ಇವರ ಕನ್ನಡಕ್ಕೆ ಇಂಗ್ಲಿಷಿನಿಂದ ಏನು ಹಾನಿಯಾಯಿತು? ಕನ್ನಡಕ್ಕೆ ಹಾನಿ ಆಗುತ್ತಿರುವುದು ಎರಡೂ ಅರೆಬರೆಯಾದ ಕಡೆ. ಕರ್ತೃ ಯಾವುದು, ಕ್ರಿಯಾಪದ ಯಾವುದು ಎಂದು ಕನ್ನಡ ವಾಕ್ಯದಲ್ಲೇ ಗುರುತಿಸಲಾಗದ ಮಗುವಿಗೆ ಇಂಗ್ಲಿಷ್ ವಾಕ್ಯದಲ್ಲಿ ಗುರುತಿಸಲು ಬರುತ್ತದೆಯೇ? ನಾವು ಕಲಿಸುವ ಕನ್ನಡ ವ್ಯಾಕರಣವೇ ಸಂಸ್ಕೃತದ ಅಚ್ಚಿನಲ್ಲಿ ಎರಕವಾದದ್ದು, ಆಡುವ ಕನ್ನಡದ ನಿಜವಾದ ನಿಯಮ ಅದರಲ್ಲಿಲ್ಲ ಎಂದು ಡಿ.ಎನ್. ಶಂಕರ ಭಟ್ಟರು ಪುಸ್ತಕದ ಮೇಲೆ ಪುಸ್ತಕ ಬರೆದರು. ಅವರ ಎಲ್ಲ ಮಾತನ್ನೂ ನಾನು ಒಪ್ಪುವವಳಲ್ಲ. ಅವರ ಕಾಗುಣಿತ ಸುಧಾರಣೆ ನನ್ನ ಕಣ್ಣಿಗೆ ಇನ್ನೂ ಒಗ್ಗಿಲ್ಲ. ಆದರೆ ‘ಬರ್ತಾರೆ’ಯ ವಿಷಯದಲ್ಲಿ ಮಗು ಎಡವುವುದನ್ನು ನೋಡಿದಾಗೆಲ್ಲ ಅವರು ನೆನಪಾಗುತ್ತಾರೆ.

ಕಾನ್ವೆಂಟುಗಳಲ್ಲಿ ಎಲ್ಲ ಸರಿ ಇದೆ ಎಂದೂ ಯಾರೂ ತಿಳಿಯಬೇಡಿ. ಕನ್ನಡ ಮಾತಾಡಿದರೆ ದಂಡ ಹಾಕುವ ಸಣ್ಣ ಊರಿನ ಇಂಗ್ಲಿಷ್ ಮಾಧ್ಯಮ ಶಾಲೆಯ ಮಕ್ಕಳೂ ‘ಮಿಸ್, ಹಿ ಈಸ್ ಬೀಟಿಂಗ್ ಟು ಮಿ’ ಎಂದೇ ದೂರು ಹೇಳುತ್ತವೆ. ನನ್ನನ್ನು ನೋಯಿಸುವುದು ನೀವು 2019ರಲ್ಲಿ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದ ರೀತಿ. ಇಂಗ್ಲಿಷನ್ನು ಒಂದು ವಿಷಯವಾಗಿ ಸರಿಯಾಗಿ ಕಲಿಸಲು ಆಗದ ಕಡೆಯೇ ಎಲ್ಲ ವಿಷಯವನ್ನೂ ಇಂಗ್ಲಿಷಿನಲ್ಲಿ ಕಲಿಸಲು ಹೊರಟಿರಿ. ಒಂದು ಪೀರಿಯಡ್ಡಿನ ಇಂಗ್ಲಿಷ್ ಗಟ್ಟಿಯಾಗಿದ್ದಿದ್ದರೆ ಎಷ್ಟೋ ತಂದೆತಾಯಿಗಳು ಕನ್ನಡ ಮಾಧ್ಯಮವನ್ನು ಬಿಟ್ಟು ಹೋಗುತ್ತಲೇ ಇರಲಿಲ್ಲ.

ಈಗ ನಾನು ಕೇಳುವುದು ದುಬಾರಿಯದಲ್ಲ, ಶಿಕ್ಷಕರ ನೇಮಕಾತಿಯೊಂದನ್ನು ಬಿಟ್ಟರೆ. ಆರರಿಂದ ಹತ್ತರವರೆಗೆ ಇಂಗ್ಲಿಷಿಗೆ ಇಂಗ್ಲಿಷ್ ಓದಿದ ಖಾಯಂ ಶಿಕ್ಷಕರೇ ಇರಲಿ. ಅತಿಥಿಗಳಿಂದ ವರ್ಷಗಟ್ಟಲೆ ಸಂಸಾರ ನಡೆಸುವ ಮನೆ ಎಲ್ಲೂ ಇಲ್ಲ. ಒಂದರಿಂದ ಐದರವರೆಗಿನ ಶಿಕ್ಷಕರಿಗೆ ಮೂವತ್ತು ದಿನದ ತರಬೇತಿ ಕೊಡುವ ವ್ಯವಸ್ಥೆ ಬೆಂಗಳೂರಿನ ಆ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ಆಗಲೇ ಇದೆ. ಅದಕ್ಕೆ ಹೋಗಿಬಂದವರನ್ನು ಆಮೇಲೆ ಯಾರೂ ಕೇಳುವುದಿಲ್ಲ. ವರ್ಷಕ್ಕೆ ಒಂದು ವಾರವಾದರೂ ಮತ್ತೆ ಕರೆಸಿ, ಅವರ ಸ್ವಂತ ಬರವಣಿಗೆಯನ್ನು ತಿದ್ದಿಕೊಡಿ. ತಮಗೇ ಅನುಮಾನವಿರುವ ವಾಕ್ಯವನ್ನು ಬೋರ್ಡಿನ ಮೇಲೆ ಬರೆಯಲು ಎಷ್ಟು ಶಿಕ್ಷಕರು ಒಳಗೇ ಹೆದರುತ್ತಾರೆ ಎಂಬುದು ಸ್ಟಾಫ್ ರೂಮಿನಲ್ಲಿ ಕೂತವರಿಗೆ ಗೊತ್ತು.

ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಕನ್ನಡ ಇರಬಾರದು ಎಂಬ ಮಡಿಯನ್ನು ಬಿಡಿ. ಪ್ರತಿ ಪಾಠದ ಕೊನೆಯಲ್ಲಿ ಒಂದು ಪುಟ ಕನ್ನಡದಲ್ಲೇ ಇರಲಿ: ನಾವು ಹೀಗೆ ಹೇಳುತ್ತೇವೆ, ಇಂಗ್ಲಿಷ್ ಹೀಗೆ ಹೇಳುತ್ತದೆ, ಎಡವುವುದು ಇಲ್ಲಿ ಎಂದು. ಇದನ್ನು ಬರೆಯಲು ವಿದೇಶದ ತಜ್ಞರು ಬೇಕಿಲ್ಲ, ಹತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಯಾವ ಹಳ್ಳಿಯ ಶಿಕ್ಷಕರನ್ನು ಕೂರಿಸಿದರೂ ಬರೆದುಕೊಡುತ್ತಾರೆ. ತರಗತಿಗೆ ಎರಡು ಮೂರು ಇಂಗ್ಲಿಷ್-ಕನ್ನಡ ನಿಘಂಟು ಕೊಡಿ. ಮೈಸೂರು ವಿಶ್ವವಿದ್ಯಾನಿಲಯದ್ದಿದೆ, ಜಿ. ವೆಂಕಟಸುಬ್ಬಯ್ಯನವರದ್ದಿದೆ. ಮುಖ್ಯೋಪಾಧ್ಯಾಯರ ಬೀರುವಿನಲ್ಲಿ ಬೀಗ ಹಾಕಿ ಇಡಲು ಅಲ್ಲ, ಮಕ್ಕಳು ತಿರುವಿ ಹರಿಯಲು. ಹರಿದರೆ ಮರುವರ್ಷ ಇನ್ನೊಂದು ಕೊಡಿ.

ಪ್ರಶ್ನೆಪತ್ರಿಕೆಯಲ್ಲಿ ಮಗು ಎಂದೂ ನೋಡಿರದ ಒಂದು ಸಂದರ್ಭ ಕೊಟ್ಟು ಆರು ವಾಕ್ಯ ಬರೆಸಿ. ಬಸ್ಸಿನಲ್ಲಿ ಚೀಲ ಕಳೆದುಹೋಗಿದೆ, ಡಿಪೋ ಮ್ಯಾನೇಜರಿಗೆ ಬರೆ. ಊರಿನ ಬೋರ್‌ವೆಲ್ ಕೆಟ್ಟಿದೆ, ಯಾವಾಗಿನಿಂದ ಎಂದು ಹೇಳಿ ಬರೆ. ಅದಕ್ಕೆ ಇಟ್ಟ ಅಂಕವನ್ನು ಯಾವ ಪ್ಯಾಕೇಜಿಗೂ ಮುಟ್ಟಲಾಗದಂತೆ ಇಡಿ. ಮೊದಲ ವರ್ಷ ಫಲಿತಾಂಶ ಬೀಳುತ್ತದೆ, ಪತ್ರಿಕೆಗಳು ಕೂಗುತ್ತವೆ, ವಿರೋಧ ಪಕ್ಷ ಸದನದಲ್ಲಿ ಕೇಳುತ್ತದೆ. ಆಗ ಮತ್ತೆ ಗ್ರೇಸ್ ಅಂಕ ಹಂಚಿ ಮುಚ್ಚಬೇಡಿ. ಆಂತರಿಕ ಮೌಲ್ಯಮಾಪನದ 20 ಅಂಕದಲ್ಲಿ ಅರ್ಧವನ್ನು ಮಗು ವರ್ಷವಿಡೀ ಬರೆದ, ಶಿಕ್ಷಕರು ತಿದ್ದಿದ, ಮಗು ಮತ್ತೆ ತಿದ್ದಿ ಬರೆದ ನೋಟ್‌ಬುಕ್ಕಿಗೇ ಕೊಡಿ. ಬಿಇಒ ಶಾಲೆಗೆ ಬಂದಾಗ ಬಿಸಿಯೂಟದ ರಿಜಿಸ್ಟರಿನ ಜೊತೆ ಆ ನೋಟ್‌ಬುಕ್ಕನ್ನೂ ತೆಗೆಸಿ ನೋಡಲಿ.

ಈ ಪತ್ರದ ಪ್ರತಿಯನ್ನು ನಮ್ಮ ಕ್ಷೇತ್ರದ ಶಾಸಕರಿಗೂ, ಜಿಲ್ಲೆಯ ಉಪನಿರ್ದೇಶಕರಿಗೂ ಕಳಿಸುತ್ತಿದ್ದೇನೆ. ಉತ್ತರ ಕೊಡುವವರು ಕನ್ನಡದಲ್ಲೇ ಕೊಡಿ. ಯಾರಾದರೂ ಅಧಿಕಾರಿಗಳು ಇತ್ತ ಬರುವುದಾದರೆ, ಅರ್ಜಿಗಳ ಸೀಜನ್ ಜೂನ್‌ನಿಂದ ಆಗಸ್ಟ್. ಮಧ್ಯಾಹ್ನ ಮೂರರ ನಂತರ ಹುಡುಗರು ಸಾಲುಗಟ್ಟಿ ನಿಂತಿರುತ್ತಾರೆ, ಅವರ ಕೈಯಲ್ಲಿರುವ ಹಾಳೆಗಳನ್ನು ಅವರನ್ನೇ ಕೇಳಿ ಓದಬಹುದು.

ಇಂತಿ ತಮ್ಮ ವಿಶ್ವಾಸಿ,
ಬಸ್ ಸ್ಟ್ಯಾಂಡ್ ಎದುರಿನ ಡಿಟಿಪಿ ಅಂಗಡಿಯವಳು, ಮಾಜಿ ಅತಿಥಿ ಶಿಕ್ಷಕಿ